ಸೋಂಕನ್ನೂ ಗರ್ಭಕಂಠವನ್ನೂ ಒಟ್ಟಿಗೆ ನೋಡುವ ಚಿಕಿತ್ಸಾಲಯ: ಒಂದು ವಿಮರ್ಶೆ

ಮೈಸೂರಿನ ಒಂದು ಖಾಸಗಿ ಸ್ತ್ರೀರೋಗ ಚಿಕಿತ್ಸಾಲಯದಲ್ಲಿ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬಿಳಿಸೆರಗು, ಕೆಳಹೊಟ್ಟೆ ನೋವು ಎಂದು ಹೋದವರಿಗೆ ಮಾತ್ರೆ ಬರೆದು ಕಳುಹಿಸಿಬಿಡುವ ಕಡೆಗಳೇ ಹೆಚ್ಚಾಗಿರುವಾಗ, ಇಲ್ಲಿನ ವೈದ್ಯೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳನ್ನೂ ಗರ್ಭಕಂಠದ ಸ್ಥಿತಿಯನ್ನೂ ಒಂದೇ ಭೇಟಿಯಲ್ಲಿ ಪರಿಶೀಲಿಸುತ್ತಾರೆ. ಈ ಸೇವೆಯ ಹೆಚ್ಚುಗಾರಿಕೆ ಇರುವುದು ಮುಖ್ಯವಾಗಿ ಇದರಲ್ಲೇ.

ಪರೀಕ್ಷೆಗೆ ಮೊದಲು ಅವರು ಕೊಟ್ಟ ವಿವರಣೆಯನ್ನು ನಾನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಕ್ಲಮೈಡಿಯಾ ಮತ್ತು ಗೊನೊರಿಯಾ ಬ್ಯಾಕ್ಟೀರಿಯಾದಿಂದ ಬರುವ ಸೋಂಕುಗಳು. ಅವು ಗರ್ಭಕಂಠದಲ್ಲಿ ಉರಿಯೂತ ಉಂಟುಮಾಡುತ್ತವೆ, ಬಹಳಷ್ಟು ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ, ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೇಲಕ್ಕೇರಿ ಗರ್ಭನಾಳಗಳನ್ನು ಕೆಡಿಸಿ ಬಂಜೆತನಕ್ಕೂ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದಕ್ಕೂ ಕಾರಣವಾಗಬಹುದು. ಇವಕ್ಕೆ ಆ್ಯಂಟಿಬಯೋಟಿಕ್ ಇದೆ. ಲೈಂಗಿಕ ಸಂಪರ್ಕದಿಂದಲೇ ಹರಡುವ, ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸಿನ ರೀತಿಯೇ ಬೇರೆ. ಅದನ್ನು ತೆಗೆದುಹಾಕುವ ಔಷಧಿಯಿಲ್ಲ. ಹೆಚ್ಚಿನವರಲ್ಲಿ ದೇಹವೇ ಒಂದೆರಡು ವರ್ಷಗಳೊಳಗೆ ಅದನ್ನು ಅಡಗಿಸುತ್ತದೆ. ಅಡಗದೆ ಉಳಿದ ಕೆಲವರಲ್ಲಿ ಮಾತ್ರ ಜೀವಕೋಶಗಳು ನಿಧಾನವಾಗಿ ಬದಲಾಗುತ್ತಾ, ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರಿನ ಹಂತಕ್ಕೆ ಬರಬಹುದು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ಕ್ಕೆ ಈ ವೈರಸ್ಸಿನ 16 ಮತ್ತು 18ನೇ ಮಾದರಿಗಳೇ ಕಾರಣ. ಎಚ್‌ಐವಿ ಇರುವ ಮಹಿಳೆಯರಲ್ಲಿ ಅಪಾಯ ಆರು ಪಟ್ಟು ಹೆಚ್ಚು, ಬದಲಾವಣೆಯೂ ಬೇಗ.

ಹಾಗಾಗಿ ಬಿಳಿಸೆರಗು ವಾಸಿಯಾಯಿತೆಂದು ಎಚ್‌ಪಿವಿ ಹೋಯಿತೆಂದಲ್ಲ. ಗರ್ಭಕಂಠದ ಜೀವಕೋಶಗಳಲ್ಲಿ ಬದಲಾವಣೆಯಿದೆಯೇ ಎಂದು ನೋಡುವ ಪ್ಯಾಪ್ ಪರೀಕ್ಷೆ ಸರಿಯಾಗಿ ಬಂತೆಂದು ಕ್ಲಮೈಡಿಯಾ ಇಲ್ಲವೆಂದೂ ಅಲ್ಲ. ಒಂದರ ಪರೀಕ್ಷೆ ಇನ್ನೊಂದನ್ನು ಹಿಡಿಯುವುದಿಲ್ಲ.

ಪರೀಕ್ಷೆ ಕೆಲವೇ ನಿಮಿಷಗಳದ್ದು. ಹಿಂದಿನ ಎರಡು ದಿನ ಸಂಪರ್ಕವಾಗಲಿ ಯೋನಿಯೊಳಗಿಡುವ ಔಷಧಿಯಾಗಲಿ ಬೇಡವೆಂದೂ ಮುಟ್ಟಿನ ದಿನಗಳನ್ನು ಬಿಟ್ಟು ಬರಬೇಕೆಂದೂ ಫೋನಿನಲ್ಲೇ ಹೇಳಿದ್ದರು. ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಸ್ಪೆಕ್ಯುಲಮ್ಮನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ತಂದು, ಪ್ರತಿ ಹಂತವನ್ನೂ ಮೊದಲು ಹೇಳಿಯೇ ಮುಂದುವರಿದರು. ಪುಟ್ಟ ಬ್ರಶ್ಶನ್ನು ಗರ್ಭಕಂಠದ ಬಾಯಿಯಲ್ಲಿ ತಿರುಗಿಸಿ, ಅದರ ತುದಿಯನ್ನು ದ್ರವವಿದ್ದ ಸೀಸೆಯೊಳಗೆ ಬಿಟ್ಟರು. ಅದೇ ಸೀಸೆಯ ಮಾದರಿಯಿಂದ ಪ್ಯಾಪ್ ಮತ್ತು ಎಚ್‌ಪಿವಿ ಡಿಎನ್‌ಎ ಪರೀಕ್ಷೆಗಳೆರಡೂ ನಡೆಯುತ್ತವೆ. ತುಸು ಒತ್ತಿದಂತಾಯಿತು, ನೋವೆನ್ನುವಷ್ಟಿರಲಿಲ್ಲ.

ಕೊರತೆಗಳನ್ನೂ ಹೇಳಲೇಬೇಕು. ಸ್ವಾಗತದ ಮೇಜಿನಲ್ಲಿದ್ದವರು ಹತ್ತು ಜನರೆದುರು ‘ಯಾವ ತೊಂದರೆಗೆ ಬಂದಿದ್ದೀರಿ?’ ಎಂದು ಗಟ್ಟಿಯಾಗಿ ಕೇಳಿದರು. ಲೈಂಗಿಕ ಸೋಂಕಿನ ಬಗ್ಗೆ ಬಾಯಿಬಿಡುವುದೇ ಕಷ್ಟವಾಗಿರುವ ಹೆಂಗಸರು ಈ ಒಂದು ಪ್ರಶ್ನೆಗೆ ಹೆದರಿ ವಾಪಸ್ಸು ಹೋದರೆ ಆಶ್ಚರ್ಯವಿಲ್ಲ. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಉರಿಯೂತ ಎಂದಷ್ಟೇ ಬರೆದಿದ್ದ ಸಾಲನ್ನು ಕ್ಯಾನ್ಸರ್ ಎಂದು ತಿಳಿದು ಪಕ್ಕದಲ್ಲಿದ್ದ ಅಕ್ಕ ಒಬ್ಬರು ಅಳುತ್ತಿದ್ದರು. ಉರಿಯೂತಕ್ಕೂ ಕ್ಯಾನ್ಸರಿಗೂ ವ್ಯತ್ಯಾಸವಿದೆಯೆಂದು ಕನ್ನಡದಲ್ಲಿ ಎರಡು ಸಾಲು ಬರೆದುಕೊಡುವುದು ದೊಡ್ಡ ಕೆಲಸವೇನಲ್ಲ. ಇದಕ್ಕಿಂತ ಗಂಭೀರವಾದ ಲೋಪವೆಂದರೆ, ಬ್ಯಾಕ್ಟೀರಿಯಾ ಸೋಂಕು ಪತ್ತೆಯಾದರೆ ಗಂಡನಿಗೂ ಚಿಕಿತ್ಸೆಯಾಗಬೇಕೆಂಬ ಮಾತು ಔಷಧಿ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಹೆಂಡತಿಯೊಬ್ಬಳೇ ಮಾತ್ರೆ ನುಂಗಿದರೆ ಸೋಂಕು ಮತ್ತೆ ಮರಳುತ್ತದೆ, ತಪ್ಪು ಮಾತ್ರ ಅವಳ ತಲೆಗೇ ಬರುತ್ತದೆ.

ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ, 2022ರಲ್ಲಿ ಅನುಮತಿ ಪಡೆದ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಯೂ ಇಲ್ಲಿ ಸಿಗುತ್ತದೆ. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಉಪಯುಕ್ತವೆಂದೂ ಈಗಾಗಲೇ ಇರುವ ಸೋಂಕನ್ನು ಇದು ಗುಣಪಡಿಸುವುದಿಲ್ಲವೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದ್ದು ಮೆಚ್ಚುಗೆಯಾಯಿತು. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ತಪ್ಪುವುದಿಲ್ಲ.

ಡಿಎನ್‌ಎ ಪರೀಕ್ಷೆಗೆ ಪ್ಯಾಪ್‌ಗಿಂತ ಹಲವು ಪಟ್ಟು ಹೆಚ್ಚು ಖರ್ಚಾಗುತ್ತದೆ. ಅಷ್ಟು ತೆರಲಾಗದವರು ಸರ್ಕಾರಿ ವ್ಯವಸ್ಥೆಯನ್ನು ವಿಚಾರಿಸಬಹುದು: 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ, ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಬಿಳಿಯಾಗುವ ಭಾಗವನ್ನು ನೋಡುವ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ, ಸೋಂಕಿನ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ.