ಗಾರ್ಮಿನ್ ಜಿ5: ಸಣ್ಣ ವಿಮಾನದ ಗೈರೋಗೆ ಬದಲಿ

ಒಂದೇ ಎಂಜಿನ್ನಿನ ಸಣ್ಣ ವಿಮಾನ ಇಟ್ಟುಕೊಂಡವರೆಲ್ಲ ಇಂದಲ್ಲ ನಾಳೆ ಈ ಪ್ರಶ್ನೆಯನ್ನು ಎದುರಿಸಲೇಬೇಕು: ವಿಮಾನ ಎಷ್ಟು ವಾಲಿದೆ ಎಂದು ಹೇಳುವ ಕೃತಕ ದಿಗಂತವನ್ನು, ಒಳಗೆ ವೇಗವಾಗಿ ತಿರುಗುವ ಚಕ್ರದ ನೆರವಿನಿಂದ ತೋರಿಸುವ ಗೈರೋ ಉಪಕರಣ ಸವೆದಾಗ ಅದನ್ನೇ ದುರಸ್ತಿ ಮಾಡಿಸಿ ಮತ್ತೆ ಕೂರಿಸುವುದೋ, ಅದೇ ರಂಧ್ರದಲ್ಲಿ ಎಲೆಕ್ಟ್ರಾನಿಕ್ ಪರದೆಯೊಂದನ್ನು ಹಾಕಿಸುವುದೋ? ಗಾರ್ಮಿನ್ ಕಂಪನಿ 2016ರಲ್ಲಿ ಹೊರತಂದ ಜಿ5 ಈ ಎರಡನೆಯ ದಾರಿಯನ್ನು ಸಾಮಾನ್ಯ ಮಾಲೀಕರಿಗೂ ತೆರೆದ ಉಪಕರಣಗಳಲ್ಲಿ ಮುಖ್ಯವಾದದ್ದು. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಮೋಡದೊಳಗೆ ಸಿಲುಕುವ ಸಾಧ್ಯತೆ ಇರುವ ಯಾವುದೇ ಸಣ್ಣ ವಿಮಾನಕ್ಕೆ ಇದನ್ನು ಹಾಕಿಸುವುದು ಯೋಗ್ಯ. ಆದರೆ ಅದಕ್ಕೆ ಕಾರಣ ಪರದೆಯ ಹೊಳಪಲ್ಲ, ಈ ಉಪಕರಣ ಕೆಡುವ ರೀತಿ.

ಈ ಮಾತು ಅರ್ಥವಾಗಬೇಕಾದರೆ ಉಪಕರಣ ಫಲಕ ನಡೆದು ಬಂದ ಹಾದಿಯನ್ನು ಸ್ವಲ್ಪ ನೋಡಬೇಕು. 1903ರಲ್ಲಿ ರೈಟ್ ಸಹೋದರರ ವಿಮಾನದಲ್ಲಿ ಗಾಳಿಯ ವೇಗ ಅಳೆಯುವ ಒಂದು ಸಾಧನ, ಒಂದು ಸ್ಟಾಪ್‌ವಾಚ್, ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಒಂದು ಯಂತ್ರ ಇದ್ದವು. ವಿಮಾನ ಯಾವ ಕಡೆ ವಾಲಿದೆ ಎಂಬುದನ್ನು ತಿಳಿಯಲು ಕಣ್ಣಿಗೆ ಕಾಣುವ ದಿಗಂತವೇ ಸಾಕಾಗಿತ್ತು. ಆ ದಿಗಂತ ಮೋಡದಲ್ಲಿ ಮರೆಯಾದಾಗ ಮನುಷ್ಯನ ಒಳಕಿವಿ ಎಷ್ಟು ಬೇಗ ದಾರಿ ತಪ್ಪಿಸುತ್ತದೆ ಎಂಬುದನ್ನು ಇಲಿನಾಯ್ ವಿಶ್ವವಿದ್ಯಾಲಯದ 1954ರ ಪ್ರಯೋಗ ತೋರಿಸಿಕೊಟ್ಟಿತು: ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದವರು ಹೊರಗಿನ ನೋಟ ತಪ್ಪಿದ ಮೇಲೆ ಸರಾಸರಿ 178 ಸೆಕೆಂಡುಗಳಲ್ಲಿ ವಿಮಾನದ ಹಿಡಿತ ಕಳೆದುಕೊಂಡರು. ಒಂದೇ ಸಮನಾಗಿ ತಿರುಗುತ್ತಿರುವ ವಿಮಾನದಲ್ಲಿ ಕುಳಿತವನಿಗೆ ಸ್ವಲ್ಪ ಹೊತ್ತಿನಲ್ಲೇ ತಿರುಗುವಿಕೆಯ ಅನುಭವ ನಿಂತುಹೋಗುತ್ತದೆ. ತಾನು ನೇರವಾಗಿ ಹೋಗುತ್ತಿದ್ದೇನೆಂದು ಅವನ ಮೈ ನಂಬುತ್ತದೆ. ಇದಕ್ಕೆ ಪರಿಹಾರವಿದೆ ಎಂಬುದನ್ನು 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಸೇನಾ ಪೈಲಟ್ ಜಿಮ್ಮಿ ಡೂಲಿಟಲ್ ಸಾಧಿಸಿ ತೋರಿಸಿದ್ದರು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿರುವ ಮಿಚೆಲ್ ಫೀಲ್ಡ್‌ನಲ್ಲಿ, ಹೊರಗೇನೂ ಕಾಣದಂತೆ ಮುಸುಕು ಹಾಕಿದ ಆಸನದಲ್ಲಿ ಕುಳಿತು, ಸ್ಪೆರಿ ಕಂಪನಿಯ ಕೃತಕ ದಿಗಂತ ಮತ್ತು ದಿಕ್ಕಿನ ಗೈರೋ, ಕೋಲ್ಸ್‌ಮನ್ ಕಂಪನಿಯ ಸೂಕ್ಷ್ಮ ಎತ್ತರಮಾಪಕ ಹಾಗೂ ರೇಡಿಯೋ ಸಂಕೇತಗಳನ್ನು ನಂಬಿ ಅವರು ನೆಲ ಬಿಟ್ಟು ಮತ್ತೆ ನೆಲ ಮುಟ್ಟಿದರು. ಮುಂದಿನ ಹಲವು ದಶಕಗಳ ಕಾಲ ಸಣ್ಣ ವಿಮಾನಗಳು ಹಾರಿದ್ದು ಆ ದಿನದ ಉಪಕರಣಗಳ ವಂಶದವುಗಳನ್ನೇ ನೆಚ್ಚಿಕೊಂಡು.

ಕ್ರಮೇಣ ಫಲಕದ ನಡುವೆ ಆರು ದುಂಡು ಮಾಪಕಗಳು ನೆಲೆಗೊಂಡವು. ವೇಗ, ಎತ್ತರ, ಏರಿಳಿತದ ದರ ಇವು ಮೂರು ಗಾಳಿಯ ಒತ್ತಡದಿಂದ ನಡೆಯುತ್ತವೆ. ದಿಗಂತ, ದಿಕ್ಕು, ತಿರುವು ಇವು ಮೂರು ಗೈರೋಗಳಿಂದ. ಬಹುತೇಕ ಸಣ್ಣ ವಿಮಾನಗಳಲ್ಲಿ ದಿಗಂತದ ಮತ್ತು ದಿಕ್ಕಿನ ಗೈರೋಗಳನ್ನು ತಿರುಗಿಸುವುದು ಎಂಜಿನ್ನಿಗೆ ಜೋಡಿಸಿದ, ಗಾಳಿಯನ್ನು ಹೀರುವ ವ್ಯಾಕ್ಯೂಮ್ ಪಂಪ್. ನನ್ನ ಆಕ್ಷೇಪವಿರುವುದು ಈ ಪಂಪಿನ ಬಗ್ಗೆ. ಎಣ್ಣೆಯಿಲ್ಲದೆ ನಡೆಯುವ ಒಣ ಪಂಪಿನೊಳಗಿನ ಇಂಗಾಲದ ತೆಳು ಎಲೆಗಳು ಸವೆಯುತ್ತ ಹೋಗಿ, ಹೆಚ್ಚಿನ ಮುನ್ಸೂಚನೆ ಕೊಡದೆ ಒಂದು ದಿನ ಮುರಿದು ಪುಡಿಯಾಗುತ್ತವೆ. ಅಷ್ಟೇ ಆಗಿದ್ದರೆ ದೊಡ್ಡ ವಿಷಯವಲ್ಲ, ಏಕೆಂದರೆ ಕೆಡದ ಯಂತ್ರವಿಲ್ಲ. ಆದರೆ ಪಂಪ್ ನಿಂತ ಕ್ಷಣವೇ ಗೈರೋ ನಿಲ್ಲುವುದಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿದ್ದ ಚಕ್ರ ತನ್ನ ಓಟದಲ್ಲೇ ಇನ್ನೂ ಕೆಲವು ನಿಮಿಷ ತಿರುಗುತ್ತ, ವೇಗ ಕಳೆದುಕೊಂಡಂತೆಲ್ಲ ಗಮನಕ್ಕೆ ಬಾರದಷ್ಟು ನಿಧಾನವಾಗಿ ಒಂದು ಕಡೆಗೆ ವಾಲತೊಡಗುತ್ತದೆ. ಮೋಡದೊಳಗಿರುವ ಪೈಲಟ್ ಆ ವಾಲಿಕೆಯನ್ನು ವಿಮಾನದ ವಾಲಿಕೆ ಎಂದೇ ತಿಳಿದು ಸರಿಪಡಿಸಲು ಹೋಗುತ್ತಾನೆ, ಮತ್ತು ನೆಟ್ಟಗಿದ್ದ ವಿಮಾನವನ್ನು ತನ್ನ ಕೈಯಿಂದಲೇ ಓರೆ ಮಾಡುತ್ತಾನೆ. ವ್ಯಾಕ್ಯೂಮ್ ಒತ್ತಡವನ್ನು ತೋರಿಸುವ ಪುಟ್ಟ ಮಾಪಕ ಇದ್ದೇ ಇರುತ್ತದೆ, ನಿಜ. ಆದರೆ ಅದನ್ನು ಅನೇಕ ವಿಮಾನಗಳಲ್ಲಿ ಫಲಕದ ಒಂದು ಅಂಚಿಗೆ, ಕಣ್ಣು ಸಹಜವಾಗಿ ಹೋಗದ ಜಾಗಕ್ಕೆ ತಳ್ಳಲಾಗಿದೆ. ಅತ್ಯಂತ ಅಗತ್ಯವಾದ ಉಪಕರಣವೊಂದು ತಾನು ಕೆಟ್ಟಿದ್ದೇನೆಂದು ಹೇಳದೆ ಸುಳ್ಳು ಹೇಳುತ್ತ ಸಾಯುವ ವ್ಯವಸ್ಥೆಯನ್ನು ಇಷ್ಟು ದೀರ್ಘ ಕಾಲ ಸಹಿಸಿಕೊಂಡು ಬಂದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಜಿ5 ಈ ದೋಷದ ಬುಡಕ್ಕೇ ಕೈ ಹಾಕುತ್ತದೆ. ಇದರಲ್ಲಿ ತಿರುಗುವ ಚಕ್ರವಿಲ್ಲ. ಚಲನೆಯನ್ನು ಅಳೆಯುವುದು ಎಲೆಕ್ಟ್ರಾನಿಕ್ ಚಿಪ್‌ನೊಳಗಿನ ಅತಿ ಸೂಕ್ಷ್ಮ ಸಂವೇದಕಗಳು. ಹೊರಮೈ ಚೌಕಾಕಾರವಾಗಿದ್ದರೂ ಹಿಂಭಾಗ ಹಳೆಯ 3⅛ ಇಂಚಿನ ದುಂಡು ರಂಧ್ರದಲ್ಲಿ ಕೂರುತ್ತದೆ. ಮೂರೂವರೆ ಇಂಚಿನ ಪರದೆಯ ಹಿನ್ನೆಲೆಯಲ್ಲಿ ದಿಗಂತ, ಎಡಗಡೆ ವೇಗದ ಪಟ್ಟಿ, ಬಲಗಡೆ ಎತ್ತರದ ಪಟ್ಟಿ, ಕೆಳಗೆ ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ಹೇಳುವ ಸೂಚಕ, ಮೇಲೆ ದಿಕ್ಕು, ಹೀಗೆ ಆರು ಮಾಪಕಗಳ ಮಾಹಿತಿಯೂ ಒಂದೆಡೆ ಸಿಗುತ್ತದೆ. ವಿಮಾನದ ವಿದ್ಯುತ್ ಪೂರ್ತಿ ಕೈಕೊಟ್ಟರೂ ಬೆನ್ನಿಗಿರುವ ಬ್ಯಾಟರಿ ನಾಲ್ಕು ಗಂಟೆಯವರೆಗೆ ನಡೆಸಬಲ್ಲದು ಎಂದು ತಯಾರಕರು ಹೇಳುತ್ತಾರೆ. ಸಣ್ಣ ವಿಮಾನವೊಂದು ಇಳಿಯಲು ಜಾಗ ಹುಡುಕಿಕೊಳ್ಳಲು ಇದು ಧಾರಾಳವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಲೆಕ್ಕ ನಂಬಲರ್ಹವಲ್ಲ ಎಂದು ಗೊತ್ತಾದಾಗ ಜಿ5 ದಿಗಂತವನ್ನು ಓರೆಯಾಗಿ ತೋರಿಸುತ್ತ ಕೂರುವುದಿಲ್ಲ. ಆ ಜಾಗದ ಮೇಲೆ ಕೆಂಪು ಕತ್ತರಿ ಗುರುತು ಎಳೆದುಬಿಡುತ್ತದೆ. ಮೋಡದೊಳಗೆ ಜೀವ ಉಳಿಸಬಲ್ಲ ಗುಣ ಅದು.

ಆನ್ ಮಾಡುವ ಗುಂಡಿಯನ್ನು ಬಿಟ್ಟರೆ ಇಡೀ ಉಪಕರಣಕ್ಕೆ ಇರುವುದು ತಿರುಗಿಸಲೂ ಒತ್ತಲೂ ಬರುವ ಒಂದೇ ಗುಂಡಿ. ಮಟ್ಟಸ ಹಾರಾಟದಲ್ಲಿ, ಎತ್ತರ ಸರಿಯಾಗಿ ತೋರಲು ಬೇಕಾದ ಗಾಳಿಯ ಒತ್ತಡದ ಅಂಕಿಯನ್ನು ಹೊಂದಿಸಲು ಅದು ಸೊಗಸಾಗಿ ಕೆಲಸ ಮಾಡುತ್ತದೆ. ಗಾಳಿಯ ಕುಲುಕಾಟದಲ್ಲಿ ಮೆನುವಿನೊಳಗಿನ ಆಯ್ಕೆಗಳನ್ನು ಹುಡುಕುವುದು ಅಷ್ಟು ಸುಲಭವಲ್ಲ. ನೆಲದ ಮೇಲೆ ನಿಂತಿದ್ದಾಗಲೇ ಕೈಗೆ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಪಟ್ಟಿಯ ರೂಪದ ಅಂಕಿಗಳ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ದುಂಡು ಮಾಪಕದ ಮುಳ್ಳನ್ನು ಓದಬೇಕಾಗಿಲ್ಲ, ಅದರ ಕೋನವನ್ನು ಕಂಡರೆ ಸಾಕು. ಇಳಿಯುವಾಗ ವೇಗದ ಮುಳ್ಳು ಎಲ್ಲಿರಬೇಕೋ ಅಲ್ಲಿಲ್ಲ ಎಂಬುದು ಓರೆಗಣ್ಣಿಗೂ ಹೊಳೆಯುತ್ತದೆ. ಪಟ್ಟಿಯಲ್ಲಿ ಅಂಕಿಯನ್ನು ಓದಿ, ಮನಸ್ಸಿನಲ್ಲಿರುವ ಅಂಕಿಯೊಡನೆ ಹೋಲಿಸಬೇಕು. ಇಷ್ಟು ಪುಟ್ಟ ಪರದೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅದೃಷ್ಟವಶಾತ್, ಪ್ರಮಾಣೀಕೃತ, ಅಂದರೆ ವಿಮಾನಯಾನ ಇಲಾಖೆಯ ಮಾನ್ಯತೆ ಪಡೆದ, ವಿಮಾನಗಳಲ್ಲಿ ಜಿ5 ಕೂರಿಸುವಾಗ ಹಳೆಯ ವೇಗಮಾಪಕ, ಎತ್ತರಮಾಪಕ ಮತ್ತು ಏರಿಳಿತದ ಮಾಪಕಗಳನ್ನು ಉಳಿಸಿಕೊಳ್ಳಬೇಕೆಂಬ ಷರತ್ತು ಅನುಮೋದನೆಯಲ್ಲೇ ಇದೆ. ಕೆಲವು ಮಾಲೀಕರು ಇದನ್ನು ಕೊರತೆ ಎಂದು ದೂರುವುದುಂಟು. ನನ್ನ ದೃಷ್ಟಿಯಲ್ಲಿ ಈ ಷರತ್ತೇ ಜಿ5 ಇರುವ ಫಲಕವನ್ನು ಎಲ್ಲವನ್ನೂ ಪರದೆಗಳೇ ತೋರಿಸುವ ಪೂರ್ತಿ ಗಾಜಿನ ಫಲಕಕ್ಕಿಂತ ನೆಚ್ಚಬಹುದಾದದ್ದನ್ನಾಗಿ ಮಾಡುತ್ತದೆ. ದಿಗಂತ ಪರದೆಯ ಮೇಲೆ, ವೇಗ ಮತ್ತು ಎತ್ತರ ಮುಳ್ಳುಗಳ ಮೇಲೆ, ಒಂದು ತಪ್ಪಿದರೆ ಮತ್ತೊಂದು ಸಾಕ್ಷಿ ಹೇಳುತ್ತದೆ.

ಪರದೆ ಬಂದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ ಎಂಬುದಕ್ಕೆ ದಾಖಲೆಯೂ ಇದೆ. 2003ರಿಂದೀಚೆಗೆ ಸಿರಸ್, ಡೈಮಂಡ್, ಸೆಸ್ನಾ ವಿಮಾನಗಳು ಒಂದಾದ ಮೇಲೊಂದು ದೊಡ್ಡ ಪರದೆಗಳೊಂದಿಗೇ ಕಾರ್ಖಾನೆಯಿಂದ ಹೊರಬಂದವು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2002ರಿಂದ 2006ರ ನಡುವೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಜಿನ ಫಲಕದ ವಿಮಾನಗಳ ಒಟ್ಟು ಅಪಘಾತ ದರ ಕಡಿಮೆಯಿದ್ದರೂ ಸಾವು ಸಂಭವಿಸಿದ ಅಪಘಾತಗಳ ದರ ಹೆಚ್ಚಾಗಿತ್ತು. ಈ ವಿಮಾನಗಳನ್ನು ದೂರದ ಪ್ರಯಾಣಕ್ಕೆ, ಕೆಟ್ಟ ಹವಾಮಾನಕ್ಕೆ ಹೆಚ್ಚು ಬಳಸುತ್ತಿದ್ದರು ಎಂಬುದನ್ನೂ ಮಂಡಳಿ ಗಮನಿಸಿತು, ಉಪಕರಣಕ್ಕೆ ತಕ್ಕ ತರಬೇತಿ ಬೇಕೆಂದು ಒತ್ತಿ ಹೇಳಿತು. ಜಿ5 ಹಾಕಿಸಿಕೊಂಡವರು ಕೈಪಿಡಿಯನ್ನು ಒಮ್ಮೆ ತಿರುವಿಹಾಕಿ ಸುಮ್ಮನಾಗಬಾರದು. ಬೋಧಕರ ಜೊತೆಯಲ್ಲಿ ಪರದೆಯನ್ನು ಮುಚ್ಚಿ, ಉಳಿದ ಮಾಪಕಗಳು ಮತ್ತು ಕಾಂತದ ದಿಕ್ಸೂಚಿಯಿಂದಲೇ ಹಾರಿಸುವ ಅಭ್ಯಾಸವನ್ನು ಹಳಬರಂತೆಯೇ ಮುಂದುವರಿಸಬೇಕು.

ಕೊಳ್ಳುವ ಮುನ್ನ ಪರೀಕ್ಷಿಸಿಕೊಳ್ಳಬೇಕಾದದ್ದು ವಿಮಾನವನ್ನು ತಾನಾಗಿ ನಡೆಸುವ ಆಟೋಪೈಲಟ್. ಹಳೆಯ ಆಟೋಪೈಲಟ್‌ಗಳಲ್ಲಿ ಕೆಲವು ವಿಮಾನದ ಸ್ಥಿತಿಯನ್ನು ತಿಳಿಯುವುದೇ ವ್ಯಾಕ್ಯೂಮ್ ದಿಗಂತದ ಒಳಗಿನಿಂದ. ಆ ಗೈರೋವನ್ನು ತೆಗೆದರೆ ಆಟೋಪೈಲಟ್ ಕುರುಡಾಗುತ್ತದೆ. ಸೂಕ್ತ ಜೋಡಣೆಯಿದ್ದರೆ ಜಿ5 ದಿಕ್ಕಿನ ಸಂಕೇತವನ್ನು ಒದಗಿಸಬಲ್ಲದು, ಆದರೆ ಅಂಥ ಆಟೋಪೈಲಟ್‌ಗೆ ಬೇಕಾದ ವಾಲಿಕೆಯ ಸಂಕೇತವನ್ನಲ್ಲ. ಅಂಥ ವಿಮಾನ ಇರುವವರು 2020ರಲ್ಲಿ ಬಂದ, ಪೂರ್ತಿ ದುಂಡಗಿರುವ, ಮುಟ್ಟಿ ನಡೆಸುವ ಗಾರ್ಮಿನ್‌ನದೇ ಜಿಐ 275ನ್ನು ನೋಡುವುದು ಮೇಲು. ಅದರ ಬ್ಯಾಟರಿಯ ಅವಧಿ ಜಿ5ಕ್ಕಿಂತ ಬಹಳ ಕಡಿಮೆ ಎಂಬುದನ್ನು ಮಾತ್ರ ಮರೆಯಬಾರದು. ಇನ್ನೊಂದು ವಿಷಯ: ಜಿ5ರ ಸಂವೇದಕಗಳು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳಲು ಜಿಪಿಎಸ್ ಅಥವಾ ಗಾಳಿಯ ವೇಗದ ನೆರವನ್ನು ಪಡೆಯುತ್ತವೆ. ಆದ್ದರಿಂದ ವೇಗ ಅಳೆಯಲು ಎದುರಿನ ಗಾಳಿಯನ್ನು ಹಿಡಿಯುವ ಪಿಟೋ ಕೊಳವೆಯನ್ನು ಹಿಮ ಕಟ್ಟದಂತೆ ಬಿಸಿಯಿಡುವುದು ಇಲ್ಲಿ ವೇಗಮಾಪಕಕ್ಕಷ್ಟೇ ಸಂಬಂಧಿಸಿದ ಕೆಲಸವಲ್ಲ.

ಮುಂದಿನ ದಿನಗಳ ದಿಕ್ಕು ಈಗಾಗಲೇ ಕಾಣುತ್ತಿದೆ. ಪೈಲಟ್ ಅಸ್ವಸ್ಥನಾದರೆ ಪ್ರಯಾಣಿಕರು ಒಂದು ಗುಂಡಿ ಒತ್ತಿದ ಕೂಡಲೇ ರನ್‌ವೇ ಆರಿಸಿ, ರೇಡಿಯೋದಲ್ಲಿ ಘೋಷಿಸಿ, ವಿಮಾನವನ್ನು ಇಳಿಸಿ ನಿಲ್ಲಿಸುವ ಆಟೋಲ್ಯಾಂಡ್ ವ್ಯವಸ್ಥೆಗೆ 2020ರಲ್ಲಿ ಪೈಪರ್ ಎಂ600 ವಿಮಾನದಲ್ಲಿ ಮಾನ್ಯತೆ ಸಿಕ್ಕಿತು. ಅಲ್ಲಿ ಉಪಕರಣ ತೋರಿಸುವುದಷ್ಟೇ ಅಲ್ಲ, ತಾನೇ ನಿರ್ಧರಿಸುತ್ತದೆ. ಹಳೆಯ ಸೆಸ್ನಾ, ಪೈಪರ್‌ಗಳ ಮಾಲೀಕರಿಗೆ ಅದು ಸದ್ಯಕ್ಕೆ ದೂರದ ಮಾತು. ಅವರಿಗೆ ನನ್ನ ಸಲಹೆ, ಸಾಧ್ಯವಿದ್ದರೆ ಎರಡು ಜಿ5ಗಳನ್ನು ಒಂದರ ಕೆಳಗೊಂದು ಹಾಕಿಸುವುದು. ಕೆಳಗಿನದು ದಿಕ್ಕು ತೋರಿಸುತ್ತದೆ. ಮೇಲಿನದು ಕೆಟ್ಟರೆ ಅದೇ ದಿಗಂತವನ್ನೂ ತೋರಿಸಬಲ್ಲದು. ದಿಕ್ಕಿನ ಕಾಂತ ಸಂವೇದಕವನ್ನು ಕಬ್ಬಿಣದ ಭಾಗಗಳಿಂದಲೂ ವಿದ್ಯುತ್ ತಂತಿಗಳಿಂದಲೂ ದೂರವಾಗಿ, ಸಾಧ್ಯವಾದರೆ ರೆಕ್ಕೆಯಲ್ಲೇ ಕೂರಿಸಲು ಕೆಲಸಗಾರರಿಗೆ ಮೊದಲೇ ಹೇಳಬೇಕು. ಇಷ್ಟಾದ ಮೇಲೆ, ಬೇರಾವ ಉಪಕರಣವೂ ಅವಲಂಬಿಸಿಲ್ಲವಾದರೆ, ಆ ವ್ಯಾಕ್ಯೂಮ್ ಪಂಪನ್ನು ಕೊಳವೆಗಳ ಸಮೇತ ಕಳಚಿಸಿಬಿಡಬಹುದು.