ಇ-ಸ್ವತ್ತು ಮನೆ ಉತಾರ: ಎಲ್ಲ ಚಲೋ, ಅಳತೆ ತುಂಬುವ ಆ ಹತ್ತು ನಿಮಿಷ ಬಿಟ್ಟು

30×40 ಅಡಿಯ ಜಾಗವನ್ನು ಮೀಟರಿಗೆ ತಂದರೆ 9.144×12.192. ವಿಸ್ತೀರ್ಣ 111.48 ಚದರ ಮೀಟರು. ಅದನ್ನೇ ಅವಸರದಲ್ಲಿ 9×12 ಎಂದು ಹೊಡೆದರೆ 108 ಆಗುತ್ತದೆ. ಸುಮಾರು ಮೂರೂವರೆ ಚದರ ಮೀಟರು, ಅಂದರೆ 37 ಚದರ ಅಡಿಗೂ ಹೆಚ್ಚು ಜಾಗ ಕಾಗದದ ಮೇಲಿಂದ ಹೋಯಿತು. ಒಂದು ಬಚ್ಚಲುಮನೆ ಕಟ್ಟುವಷ್ಟು ಜಾಗ ಅದು. ಗ್ರಾಮ ಪಂಚಾಯತಿ ಕೊಡುವ ಇ-ಸ್ವತ್ತು ಉತಾರವನ್ನು, ಅಂದರೆ ಮನೆ-ಜಾಗದ ಕಂಪ್ಯೂಟರ್ ದಾಖಲೆಯನ್ನು, ವರ್ಷಗಟ್ಟಲೆ ಬಳಸಿದ ಮೇಲೂ ನನ್ನ ದೊಡ್ಡ ತಕರಾರು ಇದೊಂದೇ. ಉಳಿದದ್ದರಲ್ಲಿ ಬಹಳಷ್ಟು ನಿಜಕ್ಕೂ ಚೆನ್ನಾಗಿದೆ, ಅದನ್ನೂ ಹೇಳಬೇಕು.

ಈ ಉತಾರದ ನಮೂನೆಗಳ ಬಗ್ಗೆ ಮೊದಲು ಒಂದೆರಡು ಮಾತು. ಪಂಚಾಯತಿ ಆಯವ್ಯಯ ಮತ್ತು ಲೆಕ್ಕಪತ್ರದ 2006ರ ನಿಯಮಗಳಿಗೆ 2013ರಲ್ಲಿ ತಿದ್ದುಪಡಿ ಆದ ಮೇಲೆ ಕೈಬರಹದ ಉತಾರದ ಜಾಗಕ್ಕೆ ಇವು ಬಂದವು. ನಮೂನೆ 9 ಆಸ್ತಿಯ ಉತಾರ, 11ಎ ಅದೇ ಆಸ್ತಿಯ ತೆರಿಗೆಯ ಉತಾರ. ಗಾವಠಾಣದೊಳಗಿನ (ಊರಿನ ವಸತಿ ಜಾಗದೊಳಗಿನ) ಮನೆ, ಎನ್.ಎ. (ಕೃಷಿಯೇತರ) ಆಗಿ ನಕ್ಷೆ ಮಂಜೂರಾದ ಲೇಔಟಿನ ಪ್ಲಾಟು, ಸರ್ಕಾರಿ ವಸತಿ ಯೋಜನೆಯ ಹಕ್ಕುಪತ್ರದ ಜಾಗ, ಇವಕ್ಕೆ 9 ಮತ್ತು 11ಎ ಸಿಗುತ್ತವೆ. ಈ ಲೆಕ್ಕಕ್ಕೆ ಬಾರದವು 11ಬಿಗೆ ಹೋಗುತ್ತವೆ. 11ಬಿ ಹಿಡಿದು ಮನೆ ಪಟ್ಟಿ, ಅಂದರೆ ತೆರಿಗೆ, ತುಂಬಬಹುದು, ಆದರೆ ಬ್ಯಾಂಕಿನ ಸಾಲದ ಮೇಜಿನ ಮೇಲೆ ಅದಕ್ಕೆ ನಮೂನೆ 9ರ ತೂಕ ಇಲ್ಲ. ಇಲ್ಲಿ ಹೇಳುವುದೆಲ್ಲ 9 ಮತ್ತು 11ಎ ಬಗ್ಗೆ.

ಮೊದಲು ಸಂತೋಷದ ವಿಷಯ. ಇ-ಸ್ವತ್ತು ಜಾಲತಾಣದಲ್ಲಿ ಸ್ವತ್ತು ಹುಡುಕುವ ಪುಟ ಒಂದಿದೆ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ. ನಮೂನೆ ಯಾವುದು, ಜಿಲ್ಲೆ, ತಾಲ್ಲೂಕು, ಪಂಚಾಯತಿ, ಊರು, ಇಷ್ಟನ್ನು ಒಂದೊಂದಾಗಿ ಆರಿಸಿಕೊಂಡರೆ ಆ ಊರಿನ ಸ್ವತ್ತುಗಳ ಪಟ್ಟಿ ಬರುತ್ತದೆ. ಯಾವ ಸಂಖ್ಯೆ ಯಾರ ಹೆಸರಿಗೆ ಇದೆ, ಮಂಜೂರಾಗಿದೆಯೋ ಇನ್ನೂ ಬಾಕಿಯೋ ಎಂಬುದು ಮನೆಯಲ್ಲಿ ಕೂತವರಿಗೂ ಕಾಣುತ್ತದೆ. ಮೊದಲಾದರೆ ಈ ಒಂದು ಉತ್ತರಕ್ಕಾಗಿ ಕೂಲಿ ಬಿಟ್ಟು ಪಂಚಾಯತಿ ಕಟ್ಟೆಯ ಮೇಲೆ ಕೂರಬೇಕಿತ್ತು. ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಈ ಪುಟ ತೆರೆದು ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸುತ್ತ ಹೋಗುವುದು ಹಳ್ಳಿಗಳಲ್ಲಿ ಈಗ ಅಭ್ಯಾಸವೇ ಆಗಿದೆ. ಅದಕ್ಕೆ ಹೊತ್ತೂ ಅದೇ ಸರಿ. ಹಗಲು ಹನ್ನೊಂದರಿಂದ ಒಂದರವರೆಗೆ ಎಲ್ಲ ಪಂಚಾಯತಿಗಳೂ ಕೆಲಸಕ್ಕೆ ಕೂತಿರುತ್ತವೆ, ಪುಟ ತೆವಳುತ್ತದೆ. ರಾತ್ರಿ ಒಂಬತ್ತರ ಮೇಲೆ ಸರಾಗ. ಒಂದು ಸೂಕ್ಷ್ಮ: ಹೆಸರಿನಿಂದ ಹುಡುಕಿ ಸಿಗದಿದ್ದರೆ ಆಸ್ತಿಯೇ ಇಲ್ಲವೆಂದು ಗಾಬರಿಯಾಗಬೇಡಿ. ಪಾಟೀಲ ಎಂಬುದು ಪಾಟಿಲ ಆಗಿರಬಹುದು, ಅಡ್ಡಹೆಸರು ಮೊದಲು ಬಂದಿರಬಹುದು. ಪೂರ್ತಿ ಪಟ್ಟಿ ತೆಗೆದು ಕಣ್ಣಿನಿಂದ ನೋಡುವುದೇ ಗಟ್ಟಿ ದಾರಿ.

ಎರಡನೆಯ ಸಂತೋಷ ನೋಂದಣಿಯದು. ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶ ಆಸ್ತಿಯ ವಿವರವನ್ನು ನೇರವಾಗಿ ಇ-ಸ್ವತ್ತಿನಿಂದ ಎಳೆದುಕೊಳ್ಳುತ್ತದೆ. ಒಂದೇ ಜಾಗವನ್ನು ಕೈಬರಹದ ಉತಾರ ತೋರಿಸಿ ಇಬ್ಬರಿಗೆ ಮಾರುವ ಹಳೆಯ ಮೋಸಕ್ಕೆ ಇದರಿಂದ ದೊಡ್ಡ ಅಡ್ಡಿ ಬಿತ್ತು. ಖರೀದಿ ಮುಗಿದ ಮೇಲೆ ಅದರ ಮಾಹಿತಿ ಪಂಚಾಯತಿಯ ಲಾಗಿನ್‌ಗೆ ತಾನೇ ಬರುತ್ತದೆ, ಹೆಸರು ಬದಲಾವಣೆ ಅಲ್ಲಿಂದ ಮುಂದುವರಿಯುತ್ತದೆ. ಬ್ಯಾಂಕಿನವರು ಉತಾರದ ಮೇಲಿನ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಿಕೊಳ್ಳುತ್ತಾರೆ. ರಬ್ಬರ್ ಸ್ಟ್ಯಾಂಪಿನ ಕಾಲದಲ್ಲಿ ಈ ನೆಮ್ಮದಿ ಇರಲಿಲ್ಲ.

ಆದರೆ ಎಲ್ಲ ತಂತ್ರಾಂಶಗಳೂ ಒಂದರ ಕೈ ಒಂದು ಹಿಡಿದಿರುವುದರಿಂದಲೇ ಮೊದಲ ತಪ್ಪು ತುಟ್ಟಿಯಾಗುತ್ತದೆ. ಪಂಚಾಯತಿಯಲ್ಲಿ ಡೇಟಾ ತುಂಬುವಾಗ 12.19 ಬದಲು 12.91 ಎಂದು ಬಿತ್ತು ಅಂದುಕೊಳ್ಳಿ. ಅದು ಉತಾರಕ್ಕೆ ಬರುತ್ತದೆ, ಉತಾರದಿಂದ ಖರೀದಿ ಪತ್ರಕ್ಕೆ, ಪತ್ರದಿಂದ ಬ್ಯಾಂಕಿನ ಅಡಮಾನಕ್ಕೆ. ಆಮೇಲೆ ಪಂಚಾಯತಿಯಲ್ಲಿ ಮಾತ್ರ ಸರಿಪಡಿಸಿದರೆ ಸಾಲದು, ಉಪನೋಂದಣಿ ಕಚೇರಿಗೆ ಹೋಗಿ ತಿದ್ದುಪಡಿ ಪತ್ರವನ್ನೂ ಮಾಡಿಸಬೇಕು. ಮಾರಿದವರು ಆ ಹೊತ್ತಿಗೆ ಪುಣೆಗೋ ಗೋವಾಕ್ಕೋ ದುಡಿಯಲು ಹೋಗಿದ್ದರೆ, ಅವರ ಸಹಿಗಾಗಿ ಹಬ್ಬಕ್ಕೆ ಬರುವವರೆಗೆ ಕಾಯಬೇಕು.

ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಮನೆಗಳ ಸ್ವಭಾವವೇ ಇದಕ್ಕೆ ಅರ್ಧ ಕಾರಣ.

ಮಾಳಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವಿನ ಕಲ್ಲು-ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇರುವುದು ಮಾಮೂಲು, ಕೆಲವೆಡೆ ಇನ್ನೂ ಹೆಚ್ಚು. ಅಳತೆಯ ಟೇಪನ್ನು ಒಳಗೋಡೆಯಿಂದ ಒಳಗೋಡೆಗೆ ಹಿಡಿದರೆ ಗೋಡೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಗೋಡೆಯ ನಡುವಿಗೆ ಹಿಡಿದರೆ ಇಬ್ಬರಿಗೂ ಅರ್ಧರ್ಧ. 40 ಅಡಿ ಉದ್ದದ ಗೋಡೆಯಲ್ಲಿ ಒಂದು ಅಡಿ ಪಾಲು ಎಂದರೆ 40 ಚದರ ಅಡಿ, 3.72 ಚದರ ಮೀಟರು. ಪಕ್ಕದವರು ಒಳಗಿನ ಅಳತೆ ಕೊಟ್ಟು, ನೀವು ಹೊರಗಿನ ಅಳತೆ ಕೊಟ್ಟರೆ ಮುಂದೆ ಮನೆ ಬಿಚ್ಚಿ ಕಟ್ಟುವಾಗ ಆ ಗೋಡೆಯ ಮೇಲೆ ಜಗಳ ನಿಶ್ಚಿತ. ಅಳತೆಗೆ ಮೊದಲೇ ಇಬ್ಬರೂ ಕೂತು ಮಾತಾಡಿಕೊಂಡು ಗೋಡೆಯ ನಡುವಿಗೆ ಒಂದು ಗುರುತು ಹಾಕಿಡುವುದು ಒಳ್ಳೆಯದು.

ಮುಂದಿನ ಕಟ್ಟೆ ಇನ್ನೊಂದು ಗೊಂದಲ. ಗಟಾರದ ಮೇಲೆ ಚಾಚಿದ ಕಟ್ಟೆ ರಸ್ತೆಯದು, ಅದನ್ನು ಉತಾರಕ್ಕೆ ಸೇರಿಸುವ ಆಸೆ ಬೇಡ. ಹಿತ್ತಲು ಇದರ ಉಲ್ಟಾ: ದನದ ಕೊಟ್ಟಿಗೆ, ಬಣವೆ ಹಾಕುವ ಜಾಗ ನಿಮ್ಮದೇ ಆಗಿದ್ದರೂ ಮನೆಯನ್ನಷ್ಟೇ ಅಳೆದು ಅದನ್ನು ಬಿಟ್ಟುಬಿಡುವುದು ಬಹಳ. ಇನ್ನು ಸೊಟ್ಟ ಜಾಗ. ಮುಂದೆ 28 ಅಡಿ, ಹಿಂದೆ 34 ಅಡಿ ಇದ್ದರೆ ಸರಾಸರಿ 31 ಹಿಡಿಯಬೇಕು. ಮುಂದಿನ 28ನ್ನೇ ಹಿಡಿದರೆ 40 ಅಡಿ ಉದ್ದಕ್ಕೆ 120 ಚದರ ಅಡಿ ಕಳೆದುಹೋಗುತ್ತದೆ. ಮೂಲೆ ಮುರಿದ ಜಾಗವಾದರೆ ಎರಡು ಚೌಕ ಮಾಡಿ ಬೇರೆಬೇರೆ ವಿಸ್ತೀರ್ಣ ತೆಗೆದು ಕೂಡಿಸಬೇಕು.

ಗಾವಠಾಣದ ಮನೆಗೆ ಸರ್ವೆಯವರ ಮೋಜಣಿ (ಅಳತೆಯ) ನಕ್ಷೆ ಬೇಕೇ ಬೇಕು. ಪಂಚಾಯತಿಯಲ್ಲಿ ಅರ್ಜಿ ದಾಖಲಾದ ಮೇಲೆ ನಾಡಕಚೇರಿಯಲ್ಲಿ ಶುಲ್ಕ ತುಂಬಿದರೆ ಸರ್ವೇಯರ್ ಬಂದು ಅಳೆಯುತ್ತಾರೆ, ನಕ್ಷೆ ತಂತ್ರಾಂಶದೊಳಗೇ ಪಂಚಾಯತಿಗೆ ಹೋಗುತ್ತದೆ. ಆ ದಿನ ನಾಲ್ಕೂ ಮೂಲೆಗಳು ಕಾಣುವಂತೆ ಇಡಿ, ಕಟ್ಟಿಗೆ ರಾಶಿ, ಹೊಟ್ಟಿನ ಚೀಲ ಸರಿಸಿ. ಪಕ್ಕದವರು ಊರಲ್ಲಿರುವ ದಿನ ನೋಡಿಕೊಳ್ಳಿ. ನಕ್ಷೆಯಲ್ಲಿ ಅಳತೆ ಸರಿ ಬಂದರೆ ಮುಕ್ಕಾಲು ಕೆಲಸ ಮುಗಿಯಿತು.

ಉಳಿದ ಕಾಲು ಭಾಗ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮತ್ತು ಹೆಸರು. ಪೂರ್ವ-ಪಶ್ಚಿಮ ಅದಲುಬದಲಾಗುವುದು ಬಹಳ ಸಾಮಾನ್ಯ, ಏಕೆಂದರೆ ಬಾಗಿಲ ಮುಂದೆ ನಿಂತು ಎಡ-ಬಲ ಹೇಳುವವರು ಹೆಚ್ಚು. ಸೂರ್ಯ ಹುಟ್ಟುವ ದಿಕ್ಕು ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಚಕ್ಕುಬಂದಿಯಲ್ಲಿ ಪಕ್ಕದವರ ಹೆಸರಷ್ಟೇ ಅಲ್ಲ, ಅವರ ಸ್ವತ್ತಿನ ಸಂಖ್ಯೆಯೂ ಇರಲಿ. ಮನುಷ್ಯರು ತೀರಿಕೊಳ್ಳುತ್ತಾರೆ, ಮನೆ ಮಾರುತ್ತಾರೆ, ಸಂಖ್ಯೆ ಉಳಿಯುತ್ತದೆ. ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ಬೆಳಗಾವಿಯ ಖಾನಾಪುರ, ನಿಪ್ಪಾಣಿ ಕಡೆ ಹಳೆಯ ಕಾಗದ ಮರಾಠಿಯಲ್ಲಿದ್ದರೆ ಇನ್ನೂ ಎಚ್ಚರ ಬೇಕು, ಅಲ್ಲಿಂದ ಕನ್ನಡಕ್ಕೆ ಬರುವಾಗ ದೀರ್ಘ-ಹ್ರಸ್ವ ಕೈಕೊಡುತ್ತವೆ.

ಈಗ ನನ್ನ ಸಿಟ್ಟಿನ ಜಾಗಕ್ಕೆ ಬರುತ್ತೇನೆ. ಇಷ್ಟೆಲ್ಲವನ್ನೂ ತಡೆಯಲು ಒಂದು ಹಾಳೆ ಸಾಕು: ಸಹಿಗೆ ಮುಂಚಿನ ಕರಡು ಪ್ರಿಂಟು. ತುಂಬಿದ್ದನ್ನು ಮಾಲೀಕರ ಕೈಗೆ ಕೊಟ್ಟು ಓದಿಸಿದರೆ ಹತ್ತು ನಿಮಿಷದ ಕೆಲಸ. ಎಷ್ಟೋ ಕಡೆ ಇದನ್ನು ಮಾಡುವುದಿಲ್ಲ. ಕಾರಣ ದುರುದ್ದೇಶವಲ್ಲ, ಡಾಂಗಲ್. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರ ಡಿಜಿಟಲ್ ಸಹಿ ಆ ಪುಟ್ಟ ಯುಎಸ್‌ಬಿ ಕಡ್ಡಿಯಲ್ಲಿರುತ್ತದೆ, ಅದು ಅವರ ಜೇಬಿನಲ್ಲೇ ಓಡಾಡುತ್ತದೆ. ಎರಡು ಪಂಚಾಯತಿಗಳ ಪ್ರಭಾರ ಇದ್ದರೆ ಇಲ್ಲಿಗೆ ವಾರದಲ್ಲಿ ಕೆಲವೇ ದಿನ ಬರುತ್ತಾರೆ. ಬಂದ ದಿನ ಕರೆಂಟು ಇರಬೇಕು, ಸರ್ವರ್ ಇರಬೇಕು. ಹಾಗಾಗಿ ಎರಡೂ ಇದ್ದ ಗಳಿಗೆಯಲ್ಲಿ ಬಾಕಿ ಇದ್ದ ಅರ್ಜಿಗಳೆಲ್ಲ ಒಂದರ ಹಿಂದೆ ಒಂದು ಸಹಿಯಾಗಿ ಹೋಗುತ್ತವೆ. ಓದುವವರಾರು? ಪಿಡಿಒ ವರ್ಗವಾದರೆ ಹೊಸಬರ ಡಿಜಿಟಲ್ ಸಹಿಯನ್ನು ಆ ಪಂಚಾಯತಿಗೆ ಜೋಡಿಸುವವರೆಗೆ ಸಹಿಯೇ ನಿಲ್ಲುತ್ತದೆ. ಸಹಿಯ ಅವಧಿ ಮುಗಿದರೂ ಹಾಗೆಯೇ.

ಒಮ್ಮೆ ಸಹಿ ಬಿದ್ದ ಮೇಲೆ ಅದು ಕಾಯಂ ದಾಖಲೆ. ಒಂದು ಅಂಕಿ ಸರಿಪಡಿಸಲೂ ಅರ್ಜಿ, ದಾಖಲೆ, ಕೆಲವು ವಿಷಯಗಳಲ್ಲಿ ಸಭೆಯ ಠರಾವು, ಮೇಲಿನವರ ಒಪ್ಪಿಗೆ. ದಾಖಲೆಯನ್ನು ಯಾರೂ ಸುಲಭವಾಗಿ ತಿದ್ದಬಾರದು ಎಂಬ ನಿಯಮ ಸರಿಯೇ, ಅದನ್ನು ಸಡಿಲ ಮಾಡಿ ಎಂದು ನಾನು ಕೇಳುವುದಿಲ್ಲ. ಬಾಗಿಲು ಇಷ್ಟು ಭದ್ರ ಇದ್ದ ಮೇಲೆ, ಮುಚ್ಚುವ ಮೊದಲು ಒಳಗೆ ಏನಿದೆ ಎಂದು ಮನೆಯವರಿಗೆ ತೋರಿಸಬೇಕು ಎಂಬುದಷ್ಟೇ ನನ್ನ ಮಾತು.

ಇದು ಬರೀ ಕಾಗದದ ಶಿಸ್ತಿನ ವಿಷಯವಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಮನೆಗಳು ಸಾಲುಸಾಲಾಗಿ ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆಗ ಮೊದಲು ಎದ್ದ ಪ್ರಶ್ನೆ, ಮನೆ ಯಾರ ಹೆಸರಿಗಿದೆ? ಉತಾರ ತೀರಿಹೋದ ಅಜ್ಜನ ಹೆಸರಿನಲ್ಲಿ, ಒಳಗೆ ಮೂವರು ಅಣ್ಣತಮ್ಮಂದಿರ ಸಂಸಾರ, ವಾಟ್ನಿ (ಆಸ್ತಿಯ ಪಾಲು) ಬಾಯಿಮಾತಿನಲ್ಲಿ. ಇಂಥ ಮನೆಯವರಿಗೆ ಪರಿಹಾರ ಗೋಜಲಾಗುವುದು ಸಹಜ. ಈಗ ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಎದುರಿಗಿದೆ. ಹಿನ್ನೀರಿನ ಹಳ್ಳಿಯವರು ವಾರಸಾ (ವಾರಸುದಾರರ ಹೆಸರು ಏರಿಸುವುದು), ವಾಟ್ನಿ ಎರಡನ್ನೂ ಮೊದಲೇ ಮುಗಿಸಿ ತಮ್ಮ ತಮ್ಮ ಹೆಸರಿಗೆ ಉತಾರ ಮಾಡಿಸಿಕೊಳ್ಳಲಿ. ನೋಟಿಸು ಬಂದ ಮೇಲೆ ಓಡಾಡಿದರೆ ಪಂಚಾಯತಿಯ ಒಂದು ಕಂಪ್ಯೂಟರಿಗೆ ಇಡೀ ಊರು ಸಾಲು ನಿಲ್ಲುತ್ತದೆ.

ಪುನರ್ವಸತಿ ಕೇಂದ್ರಗಳಲ್ಲಿ ಇರುವವರಿಗೆ ಇದೇ ಸೇವೆ ಬೆಣ್ಣೆಯಂತೆ ಸಾಗುತ್ತದೆ. ಪ್ಲಾಟುಗಳು ಅಳೆದು ಹಾಕಿದವು, ನಂಬರಿದೆ, ಹಕ್ಕುಪತ್ರವಿದೆ, ಗೋಡೆ ಹಂಚಿಕೊಂಡ ಮನೆ ಕಡಿಮೆ. ತಂತ್ರಾಂಶ ಮಾಡಿದವರ ಕಣ್ಣ ಮುಂದೆ ಇಂಥ ಊರೇ ಇತ್ತೇನೋ. ನಮ್ಮ ಹಳೆಯ ಓಣಿಗಳು ಇರಲಿಲ್ಲ.

ಖರ್ಚಿನ ಮಾತು. ಸರ್ಕಾರಿ ಶುಲ್ಕ ಭಾರವಲ್ಲ. ದುಬಾರಿ ಆಗುವುದು ಕಳೆದುಹೋಗುವ ಕೂಲಿ ದಿನಗಳು ಮತ್ತು ನಡುವೆ ನಿಲ್ಲುವ ಏಜೆಂಟರು. ಏಜೆಂಟರಿಗೆ ಕೊಡುವ ಹಣ ಅಳತೆಯನ್ನು ಸರಿ ಮಾಡುವುದಿಲ್ಲ, ಅವರು ನಿಮ್ಮ ಗೋಡೆ ನೋಡಿರುವುದೂ ಇಲ್ಲ. ಅದರ ಬದಲು ಅರ್ಜಿ ಕೊಟ್ಟ ದಿನವೇ ಸಕಾಲದ, ಅಂದರೆ ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ಕಾಯ್ದೆಯ, ಸ್ವೀಕೃತಿ ಕೇಳಿ ಪಡೆಯಿರಿ. ಅದರ ಮೇಲೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುತ್ತದೆ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು 2012ರಿಂದ ಇದೆ. ಆ ಹಣಕ್ಕಿಂತ ಸಂಖ್ಯೆಯೇ ಮುಖ್ಯ. ಸಂಖ್ಯೆ ಇಲ್ಲದ ಅರ್ಜಿ ಬರೀ ಮೇಜಿನ ಮೇಲಿನ ಹಾಳೆ, ಅದಕ್ಕೆ ಗಡುವೂ ಇಲ್ಲ.

ಕರಡು ಕೇಳುವುದಕ್ಕೆ ಸಂಕೋಚ ಬೇಡ. ಕಂಪ್ಯೂಟರ್ ಮುಂದೆ ಕೂತವರಿಗೆ ಸರಳವಾಗಿ ಹೇಳಿ: "ಸರ್ರ, ಸಾಹೇಬ್ರ ಸಹಿ ಆಗೂಕಿಂತ ಮೊದಲ ಒಂದು ಪ್ರಿಂಟ್ ಕೊಡ್ರಿ, ಓದಿ ಸಹಿ ಮಾಡಿ ಕೊಡ್ತೀವಿ." ಬಹುತೇಕರು ಕೊಡುತ್ತಾರೆ, ತಪ್ಪು ಬಂದರೆ ಮತ್ತೆ ಓಡಾಟ ಅವರಿಗೂ ತಪ್ಪುವುದಿಲ್ಲ. ಪ್ರಿಂಟರ್ ಕೆಟ್ಟಿದೆ ಎಂದರೆ ಪರದೆಯ ಫೋಟೊ ಹೊಡೆದುಕೊಳ್ಳಿ. ಪೆನ್ಸಿಲಿನಿಂದ ಗುರುತು ಹಾಕುತ್ತ ಹೀಗೆ ಓದಿ: ಮಾಲೀಕರ ಹೆಸರು, ತಂದೆ ಅಥವಾ ಗಂಡನ ಹೆಸರು, ಉದ್ದ, ಅಗಲ. ಆಮೇಲೆ ಮೊಬೈಲಿನಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ ವಿಸ್ತೀರ್ಣ ತಾಳೆ ನೋಡಿ, 10.764ರಿಂದ ಗುಣಿಸಿದರೆ ಚದರ ಅಡಿ ಬರುತ್ತದೆ. ಕೊನೆಗೆ ನಾಲ್ಕು ದಿಕ್ಕು, ಮತ್ತು ಫೋಟೊ ನಿಮ್ಮ ಮನೆಯದೇ ಎಂಬುದು.

ಖರೀದಿ ಮಾಡಿದವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ನೋಂದಣಿ ಆಯಿತೆಂದು ಸುಮ್ಮನಾಗದೆ ಹುಡುಕುವ ಪುಟದಲ್ಲಿ ಹೆಸರು ಬದಲಾಯಿತೇ ನೋಡಿ, ಆದ ಮೇಲೆ ಆ ವರ್ಷದ ಮನೆ ಪಟ್ಟಿಯನ್ನು ಹೊಸ ಹೆಸರಿನಲ್ಲೇ ತುಂಬಿ. ಬಾಪೂಜಿ ಸೇವಾ ಕೇಂದ್ರದ ಜಾಲತಾಣದಲ್ಲೂ ತುಂಬಬಹುದು. ರಸೀದಿಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರೇ ಬಂದರೆ, ಉತಾರ ಬದಲಾಗಿದ್ದರೂ ತೆರಿಗೆಯ ಕಡತ ಬದಲಾಗಿಲ್ಲ ಎಂದರ್ಥ. ಆ ರಸೀದಿ ಮತ್ತು ಹೊಸ ಉತಾರ ಎರಡನ್ನೂ ಹಿಡಿದು ಅದೇ ವಾರ ಪಂಚಾಯತಿಗೆ ಹೋಗಿ.