ಹ್ಯಾಲೊವೀನ್ ಗೊಂಬೆ ಅಲುಗದಿದ್ದರೆ: ಹಳೆ ಮೋಟಾರು, ಸರ್ವೊ, ವೈಪರ್ ಮೋಟಾರು, ಗಾಳಿ ಸಿಲಿಂಡರು

ಅಕ್ಟೋಬರ್ 31ರ ಹ್ಯಾಲೊವೀನ್ ರಾತ್ರಿಗೆಂದು ಅಮೆರಿಕದ ಮನೆಯಂಗಳಗಳಲ್ಲಿ ನಿಲ್ಲಿಸುವ ಆಳೆತ್ತರದ ಅನಿಮಾಟ್ರಾನಿಕ್ (ಮೋಟಾರಿನಿಂದ ಅಲುಗುವ) ಗೊಂಬೆಗಳು ಕೆಲವು ಹಬ್ಬ ಕಳೆಯುವಷ್ಟರಲ್ಲಿ ಒಂದೇ ಬಗೆಯಲ್ಲಿ ಕೆಡುತ್ತವೆ. ಕಣ್ಣು ಹೊತ್ತಿಕೊಳ್ಳುತ್ತದೆ, ಸ್ಪೀಕರಿನಿಂದ ಗಹಗಹಿಸುವ ದನಿ ಬರುತ್ತದೆ, ಮೈ ಮಾತ್ರ ಅಲುಗುವುದಿಲ್ಲ. ನವೆಂಬರಿನಲ್ಲಿ ಇಂಥವನ್ನು ಜನ ಗ್ಯಾರೇಜಿನಿಂದ ಹೊರಗೆ ತಂದು ಅಗ್ಗಕ್ಕೆ ಮಾರುತ್ತಾರೆ. ಅವುಗಳಿಗೆ ಮತ್ತೆ ಜೀವ ತುಂಬಲು ನಾಲ್ಕು ದಾರಿಗಳಿವೆ. ಇಲ್ಲಿ ಹೋಲಿಸಿರುವುದು ಒಂದೇ ಜಾತಿಯ ಗೊಂಬೆಯ ಮೇಲೆ ಆ ನಾಲ್ಕನ್ನೂ ಹಾಕಿ ನೋಡಿದ ಫಲ: ತೆಳು ಕೊಳವೆಗಳ ಚೌಕಟ್ಟು, ಕತ್ತು ಹೊರಳಿಸಲು ಒಂದು ಮೋಟಾರು, ದವಡೆಗೆ ಇನ್ನೊಂದು ಸಣ್ಣ ಮೋಟಾರು, ಮೇಲೇಳುವ ಒಂದು ಕೈ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕತ್ತಿಗೆ ಹಳೆ ಗಿಯರ್‌ಬಾಕ್ಸನ್ನೇ ರಿಪೇರಿ ಮಾಡಿ ಉಳಿಸಿಕೊಳ್ಳಿ, ದವಡೆಗೆ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು, ಹಾಕಿ. ಉಳಿದೆರಡು, ಅಂದರೆ ಕಾರಿನ ವೈಪರ್ ಮೋಟಾರು ಮತ್ತು ಗಾಳಿ ಸಿಲಿಂಡರು, ಅಂಗಡಿಯ ಗೊಂಬೆಗೆ ಹೇಳಿ ಮಾಡಿಸಿದವಲ್ಲ. ಅವುಗಳಿಗೆ ಬೇರೆ ಚೌಕಟ್ಟೇ ಬೇಕು.

ಮೊದಲು ಕಿವಿಗೊಟ್ಟು ಕೇಳಿ

ಯಾವ ದಾರಿ ಹಿಡಿಯುವುದಿದ್ದರೂ ಕೆಟ್ಟಿರುವುದು ಯಾವುದು ಎಂದು ಗೊತ್ತಾಗಬೇಕು. ಮೋಟಾರು ಹಗುರವಾಗಿ ಜುಯ್ ಎಂದು ತಿರುಗುತ್ತಿದ್ದು ಕತ್ತು ಅಲುಗದಿದ್ದರೆ ಮೋಟಾರಿನ ತುದಿಯ ಪುಟ್ಟ ಗಿಯರು, ಅಂದರೆ ಪಿನಿಯನ್, ಸೀಳಿದೆ. ಟಕ್ ಟಕ್ ಸದ್ದಿನೊಂದಿಗೆ ಸ್ವಲ್ಪ ಅಲುಗಿ ಜಾರಿದರೆ ಒಳಗಿನ ದೊಡ್ಡ ಗಿಯರಿನ ಹಲ್ಲು ಸವೆದಿದೆ. ಸದ್ದೇ ಇಲ್ಲದಿದ್ದರೆ ಮೋಟಾರಿನ ಪ್ಲಗ್ ಬಿಚ್ಚಿ, ನಾಲ್ಕು ಎಎ ಸೆಲ್ಲುಗಳ 6 ವೋಲ್ಟನ್ನು ಅದಕ್ಕೆ ನೇರವಾಗಿ ಕೊಡಿ. ತಿರುಗಿದರೆ ಮೋಟಾರು ಸರಿಯಿದೆ, ದೋಷ ವೈರಿನಲ್ಲೋ ಬೋರ್ಡಿನಲ್ಲೋ ಇದೆ. ವೈರುಗಳು ಕತ್ತು ಮತ್ತು ಭುಜ ಮಡಿಚುವ ಜಾಗದಲ್ಲೇ ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಕಾಣುವುದರಿಂದ ಕಣ್ಣಿಗೆ ಸಿಗುವುದಿಲ್ಲ. ಮಲ್ಟಿಮೀಟರನ್ನು ಬೀಪ್ ಕೊಡುವ ಸ್ಥಾನಕ್ಕಿಟ್ಟು, ಎರಡು ತುದಿ ಹಿಡಿದು ವೈರನ್ನು ಬಾಗಿಸುತ್ತ ಹೋದರೆ ಬೀಪ್ ಎಲ್ಲಿ ನಿಲ್ಲುತ್ತದೋ ಅಲ್ಲೇ ತುಂಡಾಗಿದೆ. ಅಲ್ಲಿಗೆ ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ ವೈರು ಹಾಕಿ. ಗಟ್ಟಿ ಹೊದಿಕೆಯ ವೈರು ಮತ್ತೆ ಅಲ್ಲೇ ಮುರಿಯುತ್ತದೆ.

ಕಣ್ಣೂ ಹೊತ್ತದೆ ದನಿಯೂ ಬರದೆ ಪೂರ್ತಿ ಸತ್ತಿರುವ ಗೊಂಬೆಯಾದರೆ ಬ್ಯಾಟರಿ ಡಬ್ಬಿ ತೆರೆದು ನೋಡಿ. ಆಲ್ಕಲೈನ್ ಸೆಲ್ ಸೋರಿ ಕಟ್ಟಿದ ಬಿಳಿ ಹಕ್ಕಳೆ ಕ್ಷಾರ, ಅದನ್ನು ಕರಗಿಸಲು ವಿನೆಗರ್ ಅಥವಾ ನಿಂಬೆರಸ ಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಸ್ಪ್ರಿಂಗಿನ ಲೋಹ ಹೊಳೆಯುವವರೆಗೆ ಉಜ್ಜಿ.

ಹಳೆ ಗಿಯರ್‌ಬಾಕ್ಸಿನ ರಿಪೇರಿ

ನಾಲ್ಕರಲ್ಲಿ ಅತಿ ಅಗ್ಗದ್ದು ಇದು, ಬಹಳ ಮಂದಿ ಕಡೆಗಣಿಸುವುದೂ ಇದನ್ನೇ. ಉಕ್ಕಿನ ದಂಡದ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿದ ನೈಲಾನ್ ಪಿನಿಯನ್ ಸದಾ ಹಿಗ್ಗುವ ಒತ್ತಡದಲ್ಲೇ ಇರುತ್ತದೆ. ಬೇಸಿಗೆಯ ಗ್ಯಾರೇಜಿನ ಸೆಕೆ ಮತ್ತು ಚಳಿಗಾಲದ ಕೊರೆತಕ್ಕೆ ಸಿಕ್ಕಿ ಎರಡು ಹಲ್ಲುಗಳ ನಡುವೆ ಉದ್ದಕ್ಕೆ ಸೀಳುತ್ತದೆ. ಸೂಪರ್ ಗ್ಲೂ ಹಾಕಿ ಅಂಟಿಸಿದರೆ ನಿಲ್ಲುವುದಿಲ್ಲ. ಸೀಳಿದ ಕಡೆ ಹಲ್ಲುಗಳ ಅಂತರ ಆಗಲೇ ಹಿಗ್ಗಿರುವುದರಿಂದ ಪ್ರತಿ ಸುತ್ತಿನಲ್ಲೂ ಅಲ್ಲೇ ಹೊಡೆತ ಬೀಳುತ್ತದೆ.

ಹಿತ್ತಾಳೆಯ ಪಿನಿಯನ್ ತರಿಸಿ. ಸಣ್ಣ 130 ಅಳತೆಯ ಮೋಟಾರಿಗೆ ದಂಡದ ದಪ್ಪ 2 ಮಿ.ಮೀ., ಗಿಯರು ಹೆಚ್ಚಾಗಿ 0.5 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ). ಖಚಿತಪಡಿಸಿಕೊಳ್ಳಲು ಲೆಕ್ಕ ಸುಲಭ: ಹಲ್ಲುಗಳನ್ನು ಎಣಿಸಿ 2 ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿದರೆ ಹೊರ ವ್ಯಾಸ ಬರುತ್ತದೆ. ಹತ್ತು ಹಲ್ಲು, 0.5 ಮಾಡ್ಯೂಲ್ ಅಂದರೆ 6 ಮಿ.ಮೀ. ಕ್ಯಾಲಿಪರಿನಲ್ಲಿ ಅಷ್ಟೇ ಬಂದರೆ ಧೈರ್ಯವಾಗಿ ತರಿಸಬಹುದು. ತೂತು 1.95 ಮಿ.ಮೀ. ಇರುವುದನ್ನು ಕೊಂಡರೆ ಒತ್ತಿದಾಗ ತಾನಾಗಿ ಬಿಗಿಯುತ್ತದೆ.

ಕೂರಿಸುವಾಗ ಮೋಟಾರಿನ ಡಬ್ಬಿಯನ್ನು ಆಧಾರವಾಗಿ ಹಿಡಿಯಬೇಡಿ, ಹಿಂಬದಿಯಲ್ಲಿ ಕಾಣುವ ದಂಡದ ತುದಿಗೆ ಆಧಾರ ಕೊಟ್ಟು ವೈಸಿನಲ್ಲಿ ನಿಧಾನಕ್ಕೆ ಒತ್ತಿ. ಇಲ್ಲದಿದ್ದರೆ ಹಿಂದಿನ ಪ್ಲಾಸ್ಟಿಕ್ ಮುಚ್ಚಳವೇ ಹೊರಗೆ ಬರುತ್ತದೆ. ಪಿನಿಯನ್‌ಗೂ ಡಬ್ಬಿಗೂ ನಡುವೆ ಅರ್ಧದಿಂದ ಒಂದು ಮಿ.ಮೀ. ಬಿಡಿ. ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕುವ ಮನಸ್ಸಾಗುತ್ತದೆ, ಆದರೆ ಅದು ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದರೆ ಅಲ್ಲಿ ಬಿರುಕು ಬಿಡುತ್ತದೆ. ಗ್ರೀಸು ಸಿಲಿಕೋನಿನದೋ ಪಿಟಿಎಫ್‌ಇ (ಟೆಫ್ಲಾನ್) ಬೆರೆತದ್ದೋ ಆಗಿರಲಿ, ತೆಳುವಾಗಿ ಸವರಿದರೆ ಸಾಕು.

ಗಿಯರ್‌ಬಾಕ್ಸ್ ತೆರೆಯುವ ಮೊದಲು ಫೋಟೊ ತೆಗೆದುಕೊಳ್ಳಿ, ಹೊಂದಿಕೊಂಡಿರುವ ಗಿಯರುಗಳ ಮೇಲೆ ಮಾರ್ಕರಿನಿಂದ ಗುರುತು ಹಾಕಿ. ಒಳಗೆ ಒಂದು ಕ್ಯಾಮೂ (ಉಬ್ಬಿರುವ ಬಿಲ್ಲೆ) ಅದಕ್ಕೆ ತಾಗುವ ಪುಟ್ಟ ಸ್ವಿಚ್ಚೂ ಇರುತ್ತವೆ. ಗೊಂಬೆ ನೇರಕ್ಕೆ ಬಂದು ನಿಲ್ಲುವುದು ಅದರಿಂದಲೇ. ಒಂದು ಹಲ್ಲು ತಪ್ಪಿ ಜೋಡಿಸಿದರೂ ಆಟ ಮುಗಿದ ಮೇಲೆ ಗೊಂಬೆ ಪಕ್ಕದ ಮನೆ ಕಡೆ ನೋಡುತ್ತ ನಿಲ್ಲುತ್ತದೆ. ಆ ಸ್ವಿಚ್ಚಿನ ತಗಡು ಬಾಗಿ ಕ್ಯಾಮಿಗೆ ತಾಗದಿದ್ದರೆ ಮೋಟಾರು ನಿಲ್ಲುವುದೇ ಇಲ್ಲ. ಹೊಸ ಬೋರ್ಡು ಕೊಳ್ಳುವ ಮೊದಲು ಅದನ್ನು ನೋಡಿ.

ಇದರ ಕೊರತೆ ಅಂದರೆ ಚಲನೆಗೆ ಒಂದೇ ವೇಗ, ಆಟವೂ ಪ್ರತಿ ಸಲ ಅದೇ. ಜೊತೆಗೆ ಪಿನಿಯನ್ ಹಿತ್ತಾಳೆಯದಾದ ಮೇಲೆ ಯಾರಾದರೂ ಗೊಂಬೆಯ ತಲೆ ಹಿಡಿದು ತಿರುಗಿಸಿದರೆ ಮುಂದಿನ ಪ್ಲಾಸ್ಟಿಕ್ ಗಿಯರು ಹೋಗುತ್ತದೆ. ಬಿಡಿ ಗಿಯರು ಸಿಗುವುದು ಕಷ್ಟ.

ಸರ್ವೊ

ಬೇಕಾದ ಕೋನಕ್ಕೆ, ಬೇಕಾದ ವೇಗದಲ್ಲಿ ಹೋಗಿ ನಿಲ್ಲುವ ಗುಣ ಇರುವುದು ಇದಕ್ಕೊಂದಕ್ಕೇ. ಜೀವಂತಿಕೆ ಹುಟ್ಟುವುದೂ ಅಲ್ಲೇ. ನಿಧಾನವಾಗಿ ಹೊರಳಿ, ತಡೆದು, ಥಟ್ಟನೆ ಎದುರಿಗೆ ನೋಡುವ ತಲೆಯನ್ನು ಹಳೆ ಮೋಟಾರಿನಲ್ಲಿ ಮಾಡಲಾಗದು. ಒಂದು ಡಿಗ್ರಿಗೆ 18 ಮಿಲಿಸೆಕೆಂಡಿನಂತೆ ಹೆಜ್ಜೆ ಹಾಕಿಸಿದರೆ 60 ಡಿಗ್ರಿ ತಿರುಗಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ, ನೋಡುವವರ ಮೈ ಜುಮ್ಮೆನ್ನಲು ಅಷ್ಟು ನಿಧಾನ ಸಾಕು.

ದವಡೆಗೆ ಲೋಹದ ಗಿಯರಿನ ಎಂಜಿ90ಎಸ್ ಸರ್ವೊ ಸಾಕು. ಎಸ್‌ಜಿ90ರ ಪ್ಲಾಸ್ಟಿಕ್ ಹಲ್ಲು, ಮಗುವೊಂದು ಕುತೂಹಲಕ್ಕೆ ಗೊಂಬೆಯ ಬಾಯಿ ಹಿಡಿದೆಳೆದರೆ ಮುಗಿಯಿತು. ಕತ್ತಿಗೆ ಎಂಜಿ996ಆರ್ ಹಾಕುವವರೇ ಹೆಚ್ಚು. 6 ವೋಲ್ಟಿಗೆ ಸುಮಾರು 11 ಕೆ.ಜಿ.-ಸೆಂ.ಮೀ. ಬಲ (ಒಂದು ಸೆಂ.ಮೀ. ತೋಳಿನ ತುದಿಯಲ್ಲಿ 11 ಕೆ.ಜಿ. ಎತ್ತುವಷ್ಟು) ಎಂದು ಅದರ ವಿವರದಲ್ಲಿ ಬರೆದಿರುತ್ತದೆ, ಅಗ್ಗದ ನಕಲುಗಳಲ್ಲಿ ಅಷ್ಟು ನಿರೀಕ್ಷಿಸಬೇಡಿ. ತಲೆಯ ಭಾರವನ್ನು ಸರ್ವೊದ ಮೇಲೇ ಹೊರಿಸುವುದು ದೊಡ್ಡ ತಪ್ಪು. ಭಾರ ಬೇರಿಂಗಿನ ಮೇಲೆ ಕೂರಬೇಕು. ಸ್ಕೇಟ್ ಚಕ್ರಗಳಲ್ಲಿರುವ 608 ಬೇರಿಂಗ್, ಒಳಗೆ 8 ಮಿ.ಮೀ., ಹೊರಗೆ 22 ಮಿ.ಮೀ., ಸುಲಭಕ್ಕೆ ಸಿಗುತ್ತದೆ. ಸರ್ವೊ ಪಕ್ಕದಲ್ಲಿದ್ದು ಒಂದು ಸಲಾಕೆಯಿಂದ ತಳ್ಳಿ ಎಳೆದರೆ ಸಾಕು.

ಕೈ ಎತ್ತಿಸುವ ಲೆಕ್ಕವೇ ಬೇರೆ. 600 ಗ್ರಾಂ ತೂಕದ ಕೈಯ ಭಾರದ ನಡುಬಿಂದು ಭುಜದಿಂದ 25 ಸೆಂ.ಮೀ. ದೂರದಲ್ಲಿದ್ದರೆ 15 ಕೆ.ಜಿ.-ಸೆಂ.ಮೀ. ಬೇಕು, ಎಂಜಿ996ಆರ್ ಸೋಲುತ್ತದೆ. 20-25ರ ವರ್ಗದ ಸರ್ವೊ ಹಾಕಿ, ಇಲ್ಲವೇ ಭಾರ ಹಂಚಿಕೊಳ್ಳಲು ಒಂದು ಸ್ಪ್ರಿಂಗ್ ಕಟ್ಟಿ.

ಸರ್ವೊ ಹಾಕಿದರೆ ಹಳೆ ಬೋರ್ಡು ಕೆಲಸಕ್ಕೆ ಬಾರದು. ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೊ ನ್ಯಾನೊ, ದನಿಗೆ ಮೆಮೊರಿ ಕಾರ್ಡಿನಿಂದ ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಬೇಕು. ಸರ್ವೊಗೆ ಆರ್ಡುಯಿನೊದ 5 ವೋಲ್ಟ್ ಪಿನ್ನಿನಿಂದ ಕರೆಂಟು ಕೊಡಬಾರದು. ತಡೆದು ನಿಂತಾಗ ಒಂದು ಎಂಜಿ996ಆರ್ 2.5 ಆಂಪಿಯರ್‌ವರೆಗೆ ಎಳೆಯುತ್ತದೆ, ವೋಲ್ಟೇಜು ಕುಸಿದು ಆರ್ಡುಯಿನೊ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬೇರೆಯೇ 5 ವೋಲ್ಟ್, 5 ಆಂಪಿಯರಿನ ಸಪ್ಲೈ, ಸರ್ವೊ ಹತ್ತಿರ 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಎರಡು ಸಪ್ಲೈಗಳ ಗ್ರೌಂಡನ್ನೂ ಜೋಡಿಸುವುದು, ಈ ಮೂರರಲ್ಲಿ ಒಂದು ಬಿಟ್ಟರೂ ಗೊಂಬೆ ನಡುಗುತ್ತದೆ.

ಡಿಎಫ್‌ಪ್ಲೇಯರಿನ ಕಾರ್ಡು ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಲಿ, 32 ಜಿಬಿ ಮೀರದಿರಲಿ. ಆರ್‌ಎಕ್ಸ್ (ಆಜ್ಞೆ ಬರುವ) ಪಿನ್ನಿಗೆ 1 ಕಿಲೊ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದರೆ ಸ್ಪೀಕರಿನ ಕಿರಿಕಿರಿ ಸದ್ದು ತಗ್ಗುತ್ತದೆ. ಸಾದಾ ಪ್ಲೇ ಆಜ್ಞೆ ಕಡತಗಳನ್ನು ಹೆಸರಿನ ಕ್ರಮದಲ್ಲಲ್ಲ, ಕಾಪಿ ಮಾಡಿದ ಕ್ರಮದಲ್ಲಿ ನುಡಿಸುತ್ತದೆ. ಹಾಗಾಗಿ ಖಾಲಿ ಕಾರ್ಡಿಗೆ ಒಂದೊಂದಾಗಿ ಹಾಕಿ. ದವಡೆ ಮಾತಿಗೆ ತಕ್ಕಂತೆ ಆಡಬೇಕಿದ್ದರೆ ಎಡ ಚಾನೆಲ್ಲಿನಲ್ಲಿ ಬರೀ ಮಾತು, ಬಲ ಚಾನೆಲ್ಲಿನಲ್ಲಿ ಮಾತಿನ ಜೊತೆ ಸಂಗೀತ ಇರಿಸಿ. ಎಡದ ಮಟ್ಟವನ್ನು ಅನಲಾಗ್ ಪಿನ್ನಿನಿಂದ ಓದಿ ದವಡೆಗೆ ಕೊಡಿ, ಬಲದ್ದನ್ನು ಆಂಪ್ಲಿಫೈಯರಿಗೆ ಕಳಿಸಿ. ಎರಡನ್ನೂ ಬೆರೆಸಿದರೆ ಡೋಲಿನ ಪೆಟ್ಟಿಗೆಲ್ಲ ಬಾಯಿ ತೆರೆಯುತ್ತದೆ.

ಇನ್ನೊಂದು ಮಾತು, ಚಲನೆ ಮುಗಿದೊಡನೆ ಸರ್ವೊಗೆ ಹೋಗುವ ಸಿಗ್ನಲ್ ನಿಲ್ಲಿಸಿ. ಭಾರಕ್ಕೆದುರಾಗಿ ತಡೆದು ನಿಂತ ಸರ್ವೊ ಗುಂಯ್‌ಗುಡುತ್ತ ಕಾಯುತ್ತದೆ. ಸಂಜೆಯಿಡೀ ಕಾದರೆ ಅದರ ಬೋರ್ಡೇ ಸುಟ್ಟೀತು.

ವೈಪರ್ ಮೋಟಾರು

ಹಳೆ ಕಾರುಗಳ ಗುಜರಿಯಲ್ಲಿ ಸಿಗುವ 12 ವೋಲ್ಟಿನ ಈ ಮೋಟಾರು ಗಂಟೆಗಟ್ಟಲೆ ಓಡಲೆಂದೇ ಮಾಡಿದ್ದು. ಕಡಿಮೆ ವೇಗದ ವೈರಿಗೆ 12 ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಸುಮಾರು 45 ಸುತ್ತು, ಗೊಂಬೆಗೆ ಇದು ವಿಪರೀತ. ಹಳೆ ಕಂಪ್ಯೂಟರಿನ ಪವರ್ ಸಪ್ಲೈಯ 5 ವೋಲ್ಟಿಗೆ ಹಾಕಿದರೆ 15-20ಕ್ಕೆ ಇಳಿಯುತ್ತದೆ, ಸದ್ದೂ ಕಡಿಮೆ. ಆ ಸಪ್ಲೈ ಚಾಲೂ ಆಗಲು 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನು ಒಂದು ಕಪ್ಪು ವೈರಿಗೆ ಸೇರಿಸಬೇಕು.

ಮೋಟಾರು ಒಂದೇ ಕಡೆ ಸುತ್ತುತ್ತದೆ, ಅದನ್ನು ಅತ್ತಿತ್ತ ಹೊರಳಾಟವಾಗಿಸುವುದು ಕ್ರ್ಯಾಂಕು (ಮೋಟಾರಿನ ದಂಡಕ್ಕೆ ಕೂರಿಸಿದ ಅಡ್ಡಪಟ್ಟಿ). 3 ಸೆಂ.ಮೀ. ಕ್ರ್ಯಾಂಕು, ಕತ್ತಿನ ಕಡೆ 6 ಸೆಂ.ಮೀ. ತೋಳು ಇಟ್ಟರೆ ತಲೆ ಎಡಬಲಕ್ಕೆ ಹತ್ತಿರ ಹತ್ತಿರ 30 ಡಿಗ್ರಿ ಹೊರಳುತ್ತದೆ. ಕ್ರ್ಯಾಂಕು ತೋಳಿಗಿಂತ ಉದ್ದವಾದರೆ ಜೋಡಣೆ ಸಿಕ್ಕಿಕೊಂಡು ಏನಾದರೊಂದು ಮುರಿಯುತ್ತದೆ.

ಬಲವೇ ಇದರ ಅಪಾಯವೂ ಹೌದು. ಸಿಕ್ಕಿಕೊಂಡಾಗ ಸರ್ವೊ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಅಂಗಡಿ ಗೊಂಬೆಯ ತೆಳು ಕೊಳವೆಯನ್ನೇ ಬಗ್ಗಿಸುತ್ತದೆ, ಬೆರಳು ಸಿಕ್ಕರೆ ಮುರಿಯುತ್ತದೆ. 5 ಅಥವಾ 7.5 ಆಂಪಿಯರಿನ ಫ್ಯೂಸ್ ಇಲ್ಲದೆ ಓಡಿಸಬೇಡಿ. ಕೆಲವು ಮೋಟಾರುಗಳಲ್ಲಿ ಹೊರ ಕವಚವೇ ಗ್ರೌಂಡ್. ಲೋಹದ ಚೌಕಟ್ಟಿಗೆ ಬೋಲ್ಟು ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ನೋಡಿ. ತೂಗುಕುರ್ಚಿ, ಸಮಾಧಿಯಿಂದ ತೆವಳಿ ಬರುವ ಹೆಣ, ಹೋಮ್ ಡಿಪೊ ಅಂಗಡಿ ಸರಪಳಿ 2020ರಿಂದ ಮಾರುತ್ತಿರುವ 12 ಅಡಿ ಅಸ್ಥಿಪಂಜರದ ತಲೆ, ಇಂಥ ಭಾರದ ಕೆಲಸಗಳಿಗೆ ಇದಕ್ಕೆ ಸಾಟಿಯಿಲ್ಲ.

ಗಾಳಿಯ ಸಿಲಿಂಡರು

ಥಟ್ಟನೆ ಎದ್ದು ಮೇಲೆ ಬೀಳುವಂಥ ಚಲನೆ ಗಾಳಿಯಿಂದಲೇ ಸಾಧ್ಯ. ಮುಕ್ಕಾಲು ಇಂಚು ವ್ಯಾಸದ ಸಿಲಿಂಡರಿಗೆ 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಕೊಟ್ಟರೆ ಸುಮಾರು 26 ಪೌಂಡ್ ಬಲ, 12 ಕೆ.ಜಿ. ಲೆಕ್ಕ. ಐದು ಪೋರ್ಟಿನ 12 ವೋಲ್ಟ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ) ವಾಲ್ವು, ಗಾಳಿ ಹೊರಹೋಗುವ ಎರಡೂ ಕಡೆ ವೇಗ ತಗ್ಗಿಸುವ ವಾಲ್ವು, ಒತ್ತಡ ಹಿಡಿದಿಡುವ ರೆಗ್ಯುಲೇಟರು, ಕಂಪ್ರೆಸರು, ಇಷ್ಟೂ ಬೇಕು. ಖರ್ಚಿನಲ್ಲೂ ಗದ್ದಲದಲ್ಲೂ ಉಳಿದ ಮೂರನ್ನು ಮೀರಿಸುತ್ತದೆ. ಪಿವಿಸಿ ಪೈಪಿನಲ್ಲಿ ಗಾಳಿ ಹಾಯಿಸಬೇಡಿ, ಒಡೆದರೆ ಚೂರುಗಳು ಸಿಡಿಯುತ್ತವೆ. ಕೈ ಹಾಕುವ ಮೊದಲು ಗಾಳಿ ಪೂರ್ತಿ ಬಿಟ್ಟು ಖಾಲಿ ಮಾಡಿ. ಅಂಗಡಿಯ ಪ್ಲಾಸ್ಟಿಕ್ ಕೀಲುಗಳು ಈ ಹೊಡೆತ ತಾಳುವುದಿಲ್ಲ, ಉಕ್ಕಿನ ಚೌಕಟ್ಟನ್ನು ಬೆಸುಗೆ ಹಾಕಿಯೇ ಮಾಡಬೇಕು. ಹ್ಯಾಲೊವೀನ್ ರಾತ್ರಿ ಮನೆಮನೆಗೆ ಮಿಠಾಯಿ ಕೇಳಲು ಬರುವವರಲ್ಲಿ ಪುಟ್ಟ ಮಕ್ಕಳೇ ಹೆಚ್ಚಿರುವ ಬೀದಿಯಲ್ಲಿ ಇದನ್ನು ಇಡಲೇಬಾರದೆಂಬುದು ನನ್ನ ಗಟ್ಟಿ ನಿಲುವು.

ಬೋರ್ಡು, ಸೆನ್ಸರು, ಅಡಾಪ್ಟರು

ಹಳೆ ಮೋಟಾರು ಉಳಿಸಿಕೊಂಡು ಬೋರ್ಡು ಮಾತ್ರ ಬದಲಿಸುವವರು ಮೋಟಾರಿಗೆ ಕರೆಂಟು ಹಾಯಿಸುವ ಎಲ್298ಎನ್ ಡ್ರೈವರನ್ನು ಬಿಡಿ. ಅದರೊಳಗೇ ಸುಮಾರು 2 ವೋಲ್ಟ್ ನಷ್ಟವಾಗಿ, 6 ವೋಲ್ಟಿನ ಮೋಟಾರಿಗೆ ನಾಲ್ಕೇ ಉಳಿಯುತ್ತದೆ. ಡಿಆರ್‌ವಿ8833 ಅಥವಾ ಟಿಬಿ6612 ಹಾಕಿದರೆ ಈ ತೊಂದರೆಯಿಲ್ಲ. ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೊಫ್ಯಾರಡಿನ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ.

ಹಳೆ ಬೋರ್ಡು ಸರಿಯಿದ್ದು, ತುಳಿಯುವ ಪ್ಯಾಡಿನ ಬದಲು ಮೈಬಿಸಿಯ ಚಲನೆಯನ್ನು ದೂರದಿಂದ ಗುರುತಿಸುವ ಸೆನ್ಸರ್ ಬೇಕಿದ್ದರೆ ಅಂಗಡಿಯಲ್ಲಿ ಒತ್ತಿ ನೋಡಲೆಂದಿರುವ ‘ಟ್ರೈ ಮಿ’ ಗುಂಡಿಯ ಎರಡು ವೈರು ಸಾಕು. ಅವನ್ನು ಒಂದಕ್ಕೊಂದು ತಾಗಿಸಬೇಕಷ್ಟೆ, ಹೊರಗಿನ ವೋಲ್ಟೇಜು ಕೊಟ್ಟರೆ ಬೋರ್ಡು ಹೋಗುತ್ತದೆ. ಎಚ್‌ಸಿ-ಎಸ್‌ಆರ್501 ಸೆನ್ಸರಿನ 3.3 ವೋಲ್ಟಿನ ಹೊರತುದಿಯಿಂದ 470 ಓಮ್ ಮೂಲಕ ಪಿಸಿ817 ಆಪ್ಟೊಕಪ್ಲರಿನ (ಬೆಳಕಿನಿಂದ ಕೆಲಸ ಮಾಡುವ ಸ್ವಿಚ್ಚು) ದೀಪದ ಕಡೆಗೆ ಕೊಟ್ಟು, ಅದರ ಟ್ರಾನ್ಸಿಸ್ಟರ್ ಕಡೆಯನ್ನು ಆ ಎರಡು ವೈರಿಗೆ ಸೇರಿಸಿ. ಕಲೆಕ್ಟರು ಹೆಚ್ಚು ವೋಲ್ಟೇಜಿನ ವೈರಿಗೆ ಹೋಗಬೇಕು. ಚಾಲೂ ಮಾಡಿದ ಮೊದಲ ಒಂದು ನಿಮಿಷ ಈ ಸೆನ್ಸರ್ ಮನಬಂದಂತೆ ನಡೆದುಕೊಳ್ಳುತ್ತದೆ, ಅದು ದೋಷವಲ್ಲ. ಮಂಜು ಉಗುಳುವ ಯಂತ್ರದ ಬಿಸಿ ಹಬೆ ಎದುರಿಗೆ ಹಾಯ್ದರೂ ಯಾರೋ ಬಂದರೆಂದು ಕೆರಳುತ್ತದೆ. ಯಂತ್ರವನ್ನು ಅದರ ಕಣ್ಣಿನಿಂದ ಮರೆಯಾಗಿಡಿ.

ಅಡಾಪ್ಟರು ಕಳೆದಿದ್ದರೆ ಗೊಂಬೆಯ ಮೇಲಿನ ಚೀಟಿಯಲ್ಲಿರುವ ವೋಲ್ಟೇಜೇ ಬೇಕು, ಆಂಪಿಯರು ಹೆಚ್ಚಿದ್ದರೆ ತೊಂದರೆಯಿಲ್ಲ, ಪ್ಲಗ್ಗಿನ ನಡುವಿನ ಧ್ರುವ ಹೊಂದಬೇಕು. ಊರಿಗೆ ಗೊಂಬೆ ತರುವವರು ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದಿದೆಯೇ ನೋಡಿ. 120 ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಅಂಗಳದಲ್ಲಿ ಇಡುವಾಗ ಜಿಎಫ್‌ಸಿಐ (ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ) ರಕ್ಷಣೆಯಿರುವ ಸಾಕೆಟ್ಟಿಗೇ ಜೋಡಿಸಿ, ಅಡಾಪ್ಟರನ್ನು ನೆಲದಿಂದ ಮೇಲೆ, ಮುಚ್ಚಳದ ಡಬ್ಬಿಯಲ್ಲಿಡಿ. ವೈರನ್ನು ಡಬ್ಬಿಯ ತಳದಿಂದ ಒಳಗೆ ತಂದರೆ ಮಳೆನೀರು ಅದರ ಗುಂಟ ಇಳಿದು ಒಳಗೆ ಬರುವುದಿಲ್ಲ.